ಬಿಸಿಲು ನೋಡಲು ಟಿಕೆಟ್ಟು

ಅವ್ವ ಜರ್ಮನಿಯ ಹಾಂಬುರ್ಗಿಗೆ ಬಂದು ಮೂರು ವಾರವಾಗಿತ್ತು. ಚರ್ಚು, ಬಂದರು, ದೋಣಿ ಎಲ್ಲ ಮುಗಿದಿದ್ದವು. ಇನ್ನೇನು ತೋರಿಸಲಿ ಎಂಬ ಪೇಚಿನಲ್ಲೇ ಒಂದು ಶನಿವಾರ ರೈಲು ಹತ್ತಿ, ಬ್ರೆಮೆನ್‌ನಲ್ಲಿ ಬದಲಿಸಿ, ಬ್ರೆಮರ್‌ಹಾವೆನ್‌ಗೆ ಹೋದೆವು. ಬಂದರಿನ ಪಕ್ಕದಲ್ಲೇ ಉಬ್ಬಿದ ಗಾಜಿನ ಕಟ್ಟಡವೊಂದಿದೆ, ಕ್ಲಿಮಾಹೌಸ್. ಹವಾಮಾನ ಬದಲಾಗುತ್ತಿರುವುದನ್ನು ಜನರಿಗೆ ತಿಳಿಹೇಳಲೆಂದೇ 2009ರ ಜೂನ್‌ನಲ್ಲಿ ತೆರೆದ ಸಂಗ್ರಹಾಲಯ.

ಬ್ರೆಮರ್‌ಹಾವೆನ್ ಇರುವುದು ಪೂರ್ವ ರೇಖಾಂಶ 8 ಡಿಗ್ರಿ 34 ನಿಮಿಷದ ಮೇಲೆ. ಆ ರೇಖೆ ಹಿಡಿದು ದಕ್ಷಿಣಕ್ಕೆ ಹೊರಟು, ಧ್ರುವ ದಾಟಿ, ಭೂಮಿಯ ಆಚೆ ಮಗ್ಗುಲಿನಿಂದ ತಿರುಗಿ ಮನೆ ಸೇರಿದರೆ ಯಾವ ಯಾವ ಊರು ಸಿಗುತ್ತವೆ? ಆಕ್ಸೆಲ್ ವೆರ್ನರ್ ಎಂಬಾತ ಆ ಊರುಗಳಿಗೆ ಹೋಗಿ ಬಂದಿದ್ದಾನೆ. ಆ ಪ್ರಯಾಣವನ್ನೇ ಈ ಸಂಗ್ರಹಾಲಯದಲ್ಲಿ ಕಟ್ಟಿ ತೋರಿಸಿದ್ದಾರೆ. ಒಳಗೆ ಒಂದೊಂದು ಊರಿಗೆ ಒಂದೊಂದು ಕೋಣೆ, ಆಯಾ ಊರಿನ ಸೆಕೆಯೋ ಚಳಿಯೋ ಸಮೇತ. ಸ್ವಿಟ್ಜರ್‌ಲೆಂಡಿನ ಹಳ್ಳಿ, ಸಾರ್ಡೀನಿಯಾ ನೋಡಿದ್ದಾಯಿತು. ಗುಂಡಿ ಒತ್ತಿದರೆ ದೀಪ ಹತ್ತುವ ಆಟಿಕೆಗಳು ನನಗಂತೂ ರುಚಿಸುವುದಿಲ್ಲ, ದಾಟಿಕೊಂಡು ನಡೆದೆ.

ಮೂರನೆಯ ಊರು ನೈಜರ್ ದೇಶದ ಕನಕ್. ಬಾಗಿಲು ದಾಟಿದ್ದೇ ಒಣ ಶಾಖ ಮುಖಕ್ಕೆ ಬಡಿಯಿತು. ಮರಳು, ಬೋಳು ಬೆಳಕು, ಪರದೆಯ ಮೇಲೆ ಆ ಮರುಭೂಮಿಯ ತುವಾರೆಗ್ ಜನ. ಮುಂದಿದ್ದ ಜರ್ಮನ್ ಕುಟುಂಬ "ಉಫ್" ಎಂದು ಅಂಗಿ ಬೀಸಿಕೊಳ್ಳತೊಡಗಿತು. ಅವ್ವ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಆರಾಮಾಗಿ ಕಟ್ಟೆಯ ಮೇಲೆ ಕೂತಳು.

"ಏನಪಾ ತಮ್ಮಾ, ಇವ್ರು ಬಿಸಲು ನೋಡಾಕ ರೊಕ್ಕ ಕೊಟ್ಟು ಬರ್ತಾರ?"

"ಬಿಸಲು ಹೆಂಗಿರ್ತೈತಿ ಅಂತ ಇವ್ರಿಗೆ ಗೊತ್ತಾಗ್ಲಿ ಅಂತ, ಅವ್ವಾ."

"ಐದು ಮಿನಿಟು ನಿಂತು ಹೊರಗ ಹೋಗ್ತಾರ, ಏನು ಗೊತ್ತಾಕೈತಿ? ಹಗಲಿಂದು ಬಿಡು. ರಾತ್ರಿನೂ ಆರಂಗಿಲ್ಲಲ್ಲ, ಅದು ಬಿಸಲು."

ಲಿಂಗಸುಗೂರು ಕಡೆಯವಳು ಆಡಿದ ಮಾತು. ಸುಮ್ಮನೆ ಕೇಳಿಸಿಕೊಂಡೆ.

"ಮೊದಲು ಮಾಳಿಗಿ ಮ್ಯಾಲ ಹಾಸಿಕೊಂಡ್ರ ನಡುರಾತ್ರಿಗೆ ಕೌದಿ ಎಳಕೋತಿದ್ವಿ. ನೀನೂ ಎಳಕೊಂಡು ಮಲಗತಿದ್ದಿ. ಈಗ ಕೌದಿ ಟ್ರಂಕಿನಾಗೈತಿ."

ನನಗೆ ತಟ್ಟಿದ್ದು ಇದು. ನೆಲ ಹಗಲೆಲ್ಲ ಕಾದು, ರಾತ್ರಿ ಆ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡಬೇಕು. ಇಂಗಾಲದ ಡೈಆಕ್ಸೈಡಿನಂಥ ಅನಿಲಗಳು ಅದನ್ನು ತಡೆದು ಒಂದಿಷ್ಟನ್ನು ಕೆಳಕ್ಕೇ ಮರಳಿಸುತ್ತವೆ. ಆ ಕೆಲಸಕ್ಕೆ ಸೂರ್ಯ ಮೇಲಿರಬೇಕೆಂದಿಲ್ಲ. ಜಗತ್ತಿನ ಹಲವೆಡೆ ಹಗಲಿಗಿಂತ ರಾತ್ರಿಗಳೇ ಬೇಗ ಬೆಚ್ಚಗಾಗುತ್ತಿವೆ ಎಂದು ನಾನು ಓದಿ ತಿಳಿದಿದ್ದೆ. ಅವ್ವ ಕೌದಿ ಮಡಚಿಟ್ಟು ತಿಳಿದಿದ್ದಳು. ಆ ಕೋಣೆಯಲ್ಲಿದ್ದದ್ದು ಬರೀ ಹಗಲು.

ಅಲ್ಲಿನ ನೌಕರಳು, ವಯಸ್ಸಾದ ಹೆಂಗಸು, ನಿಮ್ಮ ತಾಯಿ ಏನಂದರು ಎಂದು ಕೇಳಿದರು. ಕೌದಿಗೆ ಜರ್ಮನ್ ಪದ ಹೊಳೆಯಲಿಲ್ಲ. ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಹೊದಿಕೆ ಅಂದೆ. ಎಷ್ಟು ಸೀರೆ ಹಿಡಿಯುತ್ತದೆ ಎಂದು ಅವರು, ನಾಕೈದು ಎಂದು ಅವ್ವ. ಇಬ್ಬರ ನಡುವೆ ದುಭಾಷಿಯಾಗಿ ನಾನು ಬೆವರುತ್ತ ನಿಂತೆ.

ಮುಂದಿನದು ನನ್ನ ತಪ್ಪು. ಒಳಗೆ ಸೆಕೆ ಇರುತ್ತದೆಂದು ಇಬ್ಬರ ಜಾಕೆಟ್ಟನ್ನೂ ಬಾಗಿಲ ಬಳಿಯ ಲಾಕರಿನಲ್ಲಿ ಇಟ್ಟು ಬಂದಿದ್ದೆ. ಕ್ಯಾಮರೂನ್ ಕಾಡಿನ ಹಬೆಯಲ್ಲಿ ಮೈ ಒದ್ದೆಯಾದ ಮೇಲೆ ಸಿಕ್ಕಿದ್ದೇ ಅಂಟಾರ್ಕ್ಟಿಕಾ. ಅದೂ ಸೊನ್ನೆಗಿಂತ ಕೆಳಗಿನ ನಿಜವಾದ ಚಳಿ! "ಕೌದಿ ತರಬೇಕಿತ್ತಲ್ಲೋ" ಎಂದು ಅವ್ವ ತಲೆತುಂಬ ಸೆರಗು ಹೊದ್ದು ಓಡಿದಳು. ಆಮೇಲೆ ಒಂದು ವಾರ ಕೆಮ್ಮು. ಹೋಗುವವರು ಬೇಸಿಗೆಯಾದರೂ ಸರಿ, ಜಾಕೆಟ್ಟನ್ನು ಕೈಯಲ್ಲೇ ಹಿಡಿದುಕೊಳ್ಳಿ. ಕಾಲಿಗೆ ಚಪ್ಪಲಿ ಬೇಡ, ಬೂಟಿರಲಿ.

ಸಮೋವಾದ ಸತಿಟೋವ ಹಳ್ಳಿಯ ಕೋಣೆಯಲ್ಲಿ ಬಣ್ಣದ ಮೀನುಗಳಿವೆ, ಮಕ್ಕಳ ಗದ್ದಲವಿದೆ. ಸಂಗ್ರಹಾಲಯ ತೆರೆದು ಮೂರು ತಿಂಗಳಿಗೆ, 2009ರ ಸೆಪ್ಟೆಂಬರ್ 29ರಂದು, ಆ ನಿಜವಾದ ಹಳ್ಳಿಯನ್ನು ಸುನಾಮಿ ಬಡಿಯಿತು. ಅದು ಭೂಕಂಪದ್ದು, ಹವಾಮಾನದ್ದಲ್ಲ. ಆದರೂ ಆಮೇಲೆ ಮೀನು ನೋಡುತ್ತ ನಿಲ್ಲಲಾಗಲಿಲ್ಲ. ಅಲಾಸ್ಕ ಬೇಗ ಮುಗಿಯಿತು.

ಕೊನೆಯ ನಿಲ್ದಾಣ ಜರ್ಮನಿಯದೇ ಲಾಂಗೆನೆಸ್, ಉತ್ತರ ಸಮುದ್ರದ ತಗ್ಗು ದ್ವೀಪ. ಸುಮಾರು ನೂರು ಜನ, ಕೈಯಿಂದ ಪೇರಿಸಿದ ಮಣ್ಣಿನ ದಿಬ್ಬಗಳ ಮೇಲೆ ಮನೆ. ಚಳಿಗಾಲದ ಬಿರುಗಾಳಿಗೆ ಕಡಲೇರಿದಾಗ ಹುಲ್ಲುಗಾವಲೆಲ್ಲ ಮುಳುಗಿ ದಿಬ್ಬಗಳಷ್ಟೇ ಉಳಿಯುತ್ತವೆ. ಕಡಲಿನ ಮಟ್ಟ ಏರುತ್ತಿರುವುದರಿಂದ ದಿಬ್ಬಗಳನ್ನು ಇನ್ನೂ ಎತ್ತರಿಸುತ್ತಿದ್ದಾರೆ. ಚಿತ್ರ ನೋಡಿದ ಅವ್ವ, "ಇದು ಗಡ್ಡಿ" ಅಂದಳು.

ಕೃಷ್ಣೆಯ ನಡುಗಡ್ಡೆ ಕಡದರಗಡ್ಡಿಗೆ ಅವ್ವನ ಅಕ್ಕನನ್ನು ಕೊಟ್ಟಿತ್ತು. ನಾರಾಯಣಪುರ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಇಂದಿಗೂ ಶೀಲಹಳ್ಳಿ ಸೇತುವೆ ಮುಳುಗಿ, ಆಚೆಯವರು ಆಚೆಗೆ.

"ಕೇಳು ಇವ್ರನ್ನ," ಅಂದಳು ಅವ್ವ, "ನೀರು ಬಂದಾಗ ಬಸುರಿ ಹೆಂಗಸಿಗೆ ಬ್ಯಾನಿ ಸುರುವಾದ್ರ ಏನ್ ಮಾಡ್ತಾರಂತ."

ಅಲ್ಲಿದ್ದ ಹುಡುಗನನ್ನು ಕೇಳಿದೆ. ಹೆಲಿಕಾಪ್ಟರ್ ಬರುತ್ತದೆ ಅಂದ.

"ಹೂಂ," ಅಂದಳು ಅವ್ವ. "ನಮ್ಮಕ್ಕಗ ಹರಗೋಲು."