ಸಕ್ಕರೆ ಎಲ್ಲಿಗೆ ಹೋಯಿತು?

ಪೋರ್ಟ್‌ಲ್ಯಾಂಡಿನ ಮನೆಯಲ್ಲಿ ಮೊದಲ ಸಲ ಬಿಯರ್ ಮಾಡಿದ ದಿನ ಕುದಿಸುವುದು, ಕಹಿ ರುಚಿ ಕೊಡುವ ಹಾಪ್ಸ್ ಹೂ ಹಾಕುವುದು, ತಣಿಸುವುದು ಎಲ್ಲ ಸಲೀಸಾಗಿ ಮುಗಿಯಿತು. ತಲೆಬಿಸಿ ತಂದದ್ದು ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆ. ಬರೀ ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಏರುತ್ತದೆ. ವರ್ಟನ್ನು, ಅಂದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ನೀರನ್ನು, ಬಕೆಟ್ಟಿಗೆ ಸುರಿದು, ಮೇಲೆ ತಣ್ಣೀರು ಸೇರಿಸಿ ಐದು ಗ್ಯಾಲನ್ ಮಾಡಿಕೊಂಡಿದ್ದೆವು. ಮೇಲಿಂದ ಒಂದಿಷ್ಟು ತೆಗೆದು ಉದ್ದನೆಯ ಜಾಡಿಗೆ ಹಾಕಿ ಹೈಡ್ರೋಮೀಟರ್ ಬಿಟ್ಟರೆ 1.031. ಸಾಮಾನಿನ ಜೊತೆ ಬಂದ ಕಿಟ್‌ನ ಚೀಟಿಯಲ್ಲಿದ್ದದ್ದು 1.043.

"ಸ್ವಲ್ಪ ಸಕ್ಕರೆ ಹಾಕಿಬಿಡೋಣ ಕಣೋ, ಸರಿಹೋಗುತ್ತೆ" ಅಂದರು ಭಾವ.

"ತಡೀರಿ ಭಾವ, ಲೆಕ್ಕ ಕೂಡ್ತಾ ಇಲ್ಲ" ಅಂದೆ. ನಾವು ಬಳಸಿದ್ದು ಮಾಲ್ಟ್ ಎಕ್ಸ್‌ಟ್ರ್ಯಾಕ್ಟಿನ ಗಟ್ಟಿ ಪಾಕ. ಅದು ಒಂದು ಪೌಂಡ್ ಇದ್ದರೆ ಒಂದು ಗ್ಯಾಲನ್‌ಗೆ ಸುಮಾರು 36 ಪಾಯಿಂಟ್, ಅಂದರೆ 1.036. ಆರು ಪೌಂಡ್ ಹಾಕಿದ್ದೇವೆ, ಐದು ಗ್ಯಾಲನ್ ಇದೆ, 43 ಬರಲೇಬೇಕು. ಡಬ್ಬಿಯನ್ನೂ ಬಿಸಿನೀರಲ್ಲಿ ತೊಳೆದು ಹಾಕಿದ್ದೆವು. ಹಾಗಾದರೆ ಸಕ್ಕರೆ ಹೋದದ್ದೆಲ್ಲಿಗೆ?

ಮೊದಲು ಬಿಸಿ ನೋಡಿದೆವು: 30 ಡಿಗ್ರಿ ಸೆಲ್ಸಿಯಸ್. ನಮ್ಮ ಹೈಡ್ರೋಮೀಟರ್ ಸರಿಯಾಗಿ ತೋರಿಸುವುದು 60 ಫ್ಯಾರನ್‌ಹೀಟ್, ಅಂದರೆ 15.6 ಸೆಲ್ಸಿಯಸ್‌ನಲ್ಲಿ. ದ್ರವ ಬಿಸಿಯಾದಷ್ಟೂ ಅದರ ಸಾಂದ್ರತೆ ಇಳಿದು ಕೊಳವೆ ಇನ್ನಷ್ಟು ಮುಳುಗುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. 30 ಡಿಗ್ರಿಗೆ ಮೂರು ಪಾಯಿಂಟ್ ಕೂಡಿಸಬೇಕು. ಆದರೂ 1.034 ಮಾತ್ರ.

ಆಗ ನೆನಪಾದದ್ದು ಊರಿನ ಡೈರಿ. ಅಲ್ಲಿನ ಲ್ಯಾಕ್ಟೋಮೀಟರ್ ಕೂಡ ಇದೇ ಜಾತಿಯದು. 28 ಅಂದರೆ 1.028. ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕದೆ ಕಾರ್ಯದರ್ಶಿ ಸ್ಯಾಂಪಲ್ ತೆಗೆಯುತ್ತಲೇ ಇರಲಿಲ್ಲ. ಕೆನೆ ಮೇಲೆ ನಿಂತಿದ್ದರೆ ಸಿಗುವುದು ಇಡೀ ಕ್ಯಾನಿನ ಲೆಕ್ಕವಲ್ಲ. ನಮ್ಮ ಬಕೆಟ್ಟಿನಲ್ಲಿ ಭಾರವಾದ ವರ್ಟ್ ತಳ ಹಿಡಿದಿತ್ತು, ಆಮೇಲೆ ಸುರಿದ ನೀರು ಮೇಲೇ ನಿಂತಿತ್ತು. ನಾವು ಅಳೆದದ್ದು ಆ ತೆಳು ನೀರನ್ನು.

ಸ್ಯಾನಿಟೈಸ್ ಮಾಡಿದ ಉದ್ದ ಸೌಟಿನಿಂದ ತಳದಿಂದ ಮೇಲಕ್ಕೆ, ಕೈ ಸೋಲುವವರೆಗೆ ಕಲಕಿದೆವು. ಯೀಸ್ಟ್ ಹಾಕುವ ಮುಂಚೆ ಹೀಗೆ ಗಾಳಿ ಸೇರುವುದೂ ಒಳ್ಳೆಯದೇ. ಮತ್ತೆ ಜಾಡಿ ತುಂಬಿಸಿ, ಬಗ್ಗಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ನೋಡಿದೆ. ಗಾಜಿಗೆ ಅಂಟಿ ಮೇಲೇರಿದ ಅಂಚನ್ನು ಬಿಟ್ಟು ಸಪಾಟಾದ ಮಟ್ಟವನ್ನು ಓದಬೇಕು: 1.040. ಬಿಸಿಯ ಮೂರು ಸೇರಿಸಿದರೆ 1.043! ಭಾವ ಸಕ್ಕರೆ ಡಬ್ಬಿಯನ್ನು ಕಪಾಟಿಗೆ ಸೇರಿಸಿದರು.

ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತಾ ಹೋದಂತೆ ರೀಡಿಂಗ್ ಇಳಿಯುತ್ತದೆ. ಹುದುಗು ನಿಂತ ಮೇಲಿನ ರೀಡಿಂಗ್‌ಗೆ ಬೇರೆ ಎಚ್ಚರ ಬೇಕು. ಗ್ಯಾಸಿನ ಸಣ್ಣ ಗುಳ್ಳೆಗಳು ಕೊಳವೆಗೆ ಮೆತ್ತಿಕೊಂಡು ಅದನ್ನು ಮೇಲೆತ್ತುತ್ತವೆ, 1.014 ಅಂತ ತೋರಿಸಿದ್ದು, ಬೆರಳಲ್ಲಿ ಒಮ್ಮೆ ಗಿರ್ರನೆ ತಿರುಗಿಸಿ ಬಿಟ್ಟಾಗ 1.011ಕ್ಕೆ ಇಳಿಯಿತು. ಸ್ಯಾಂಪಲ್ಲನ್ನು ವಾಪಸ್ ಬಕೆಟ್ಟಿಗೆ ಸುರಿಯದೆ ಹಂಚಿಕೊಂಡು ಕುಡಿದೆವು. ಎರಡು ದಿನ ಬಿಟ್ಟು ನೋಡಿದರೂ ಅದೇ 1.011. ರೀಡಿಂಗ್ ಇನ್ನೂ ಇಳಿಯುತ್ತಿರುವಾಗಲೇ ಬಾಟಲಿಗೆ ತುಂಬಿದರೆ ಒಳಗೆ ಗ್ಯಾಸ್ ಒತ್ತಿ ಗಾಜು ಸಿಡಿಯುವ ಭಯವಿದೆ, ಹಾಗಾಗಿ ಈ ಕಾಯುವಿಕೆಯನ್ನು ಯಾರೂ ತಪ್ಪಿಸಬಾರದು. 1.043ರಿಂದ 1.011 ಕಳೆದು 131.25ರಿಂದ ಗುಣಿಸಿದರೆ 4.2 ಶೇಕಡಾ ಆಲ್ಕೋಹಾಲ್. ಮೊದಲ ರೀಡಿಂಗನ್ನು ಹಾಗೇ ನಂಬಿದ್ದರೆ ಇದೇ ಬಿಯರಿಗೆ 2.6 ಅಂತ ಚೀಟಿ ಅಂಟಿಸುತ್ತಿದ್ದೆವು.