ಹುಡುಗನ್ನ ಎಫ್‌ವನ್‌ಗೆ ಕಳಿಸೋದು ಹೆಂಗ್ರೀ?

"ಸರ್, ನಮ್ಮ ಹುಡುಗ ಗಾಡಿ ಭಾಳ ಚಲೋ ಹೊಡಿತಾನ್ರೀ. ಈಗ ಹನ್ನೆರಡು ವರ್ಷ. ಎಫ್‌ವನ್‌ಗೆ ಹೋಗಬೇಕಂದ್ರ ಎಲ್ಲಿಂದ ಶುರು ಮಾಡಬೇಕು, ಎಷ್ಟು ರೊಕ್ಕ ಬೇಕು?" ಬೆಳಗಾವಿಯ ಟಿಳಕವಾಡಿಯಿಂದ ಜಮಖಂಡಿಯವರೆಗೆ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಬರುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕಿಂತ ಯಾವ ಮೆಟ್ಟಿಲ ಮೇಲೆ ಎಷ್ಟು ದಿನ ನಿಲ್ಲಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಅದು ತಿಳಿಯಬೇಕಾದರೆ ಏಣಿಯನ್ನು ಮೇಲಿನಿಂದ ನೋಡಬೇಕು: ತುದಿಯಲ್ಲಿ ಎಫ್‌ವನ್ (ಫಾರ್ಮುಲಾ ವನ್ ಕಾರ್ ರೇಸ್), ಅದರ ಕೆಳಗೆ ಎಫ್2, ಎಫ್3, ಫಾರ್ಮುಲಾ ರೀಜನಲ್, ಎಫ್4, ಬುಡದಲ್ಲಿ ಕಾರ್ಟಿಂಗ್.

ಎಫ್‌ವನ್ ಓಡಿಸಲು ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಕೊಡುವ ಸೂಪರ್ ಲೈಸೆನ್ಸ್ ಬೇಕು. ವಯಸ್ಸು 18 ಆಗಿರಬೇಕು. ತೀರಾ ಅಪರೂಪದ ಪ್ರತಿಭೆಗೆ ಮಾತ್ರ 17ಕ್ಕೆ ರಿಯಾಯಿತಿ. ಜೊತೆಗೆ ಕೆಳಗಿನ ಸರಣಿಗಳಲ್ಲಿ ಮೂರು ವರ್ಷದೊಳಗೆ 40 ಪಾಯಿಂಟ್ ಕೂಡಿರಬೇಕು. ಎಫ್4 ಚಾಂಪಿಯನ್‌ಗೆ 12, ಎರಡನೆಯವನಿಗೆ 10, ಮೂರನೆಯವನಿಗೆ 7. ಯುರೋಪಿನ ಫಾರ್ಮುಲಾ ರೀಜನಲ್‌ನಲ್ಲಿ ಮೊದಲ ಮೂವರಿಗೆ 25, 20, 15. ಎಫ್3ಯಲ್ಲಿ 30, 25, 20, 15, ಐದನೆಯವನಿಗೆ 12. ಎಫ್2ನಲ್ಲಿ ಮೊದಲ ಮೂವರಿಗೂ ನೇರವಾಗಿ 40.

ಈಗ ಕೂಡಿಸಿ ನೋಡಿ. ವರ್ಷಕ್ಕೊಂದು ಮೆಟ್ಟಿಲಿನಂತೆ ಹುಡುಗ ಎಫ್4 ಗೆದ್ದ, ರೀಜನಲ್‌ನಲ್ಲಿ ಮೂರನೆಯವನಾದ, ಎಫ್3ಯಲ್ಲಿ ಐದನೆಯವನಾದ. 12, 15, 12: ಒಟ್ಟು 39. ಒಂದು ಕಡಿಮೆ! ಮರುವರ್ಷ ಎಫ್3ಯಲ್ಲೇ ಉಳಿದರೆ ಮೂರು ವರ್ಷದ ಗಡಿ ಮುಂದೆ ಸರಿದು ಎಫ್4ರ ಆ 12 ಉದುರಿಹೋಗುತ್ತದೆ. ಲೆಕ್ಕಕ್ಕೆ ಬರುವುದು ವರ್ಷದ ಕೊನೆಯ ಸ್ಥಾನವೇ ಹೊರತು ಒಂದು ರೇಸ್ ಅಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ (ವಾರಾಂತ್ಯದ ಚಿಕ್ಕ) ರೇಸ್ ಗೆದ್ದದ್ದು ಸಣ್ಣ ಮಾತಲ್ಲ, ಆದರೂ ಅದೊಂದೇ ಗೆಲುವಿಗೆ ಲೈಸೆನ್ಸ್ ಪಾಯಿಂಟ್ ಸಿಗುವುದಿಲ್ಲ.

ಆದ್ದರಿಂದ ತಯಾರಾಗದ ಹುಡುಗನನ್ನು ಮೇಲಿನ ಕ್ಲಾಸಿಗೆ ತಳ್ಳಿದರೆ ರೊಕ್ಕದ ಜೊತೆ ವರ್ಷವೂ ಹಾಳು. ಕಲಿಯುವುದು ಅಗ್ಗವಾಗಿರುವಲ್ಲೇ ಹೆಚ್ಚು ಕಲಿಯಬೇಕು. ಅಂಥ ಜಾಗ ಕಾರ್ಟಿಂಗ್, ಅಂದರೆ ನೆಲಕ್ಕೆ ಹತ್ತಿರದ ಪುಟ್ಟ ತೆರೆದ ಗಾಡಿಗಳ ರೇಸ್.

ನಮ್ಮ ಭಾಗದವರಿಗೆ ಕಾರ್ಟ್ ಟ್ರ್ಯಾಕ್ ಬಹಳ ದೂರವೇನಿಲ್ಲ. ನಿಪ್ಪಾಣಿ ದಾಟಿದರೆ ಬೆಳ್ಳಿ ಕಾಲ್ಗೆಜ್ಜೆಯ ಹುಪರಿ. ಮೋಹಿತೆಯವರ ಟ್ರ್ಯಾಕ್ ಅಲ್ಲಿದೆ. ರಾಷ್ಟ್ರೀಯ ಮಟ್ಟದಲ್ಲಿ ಓಡುವುದು ರೋಟ್ಯಾಕ್ಸ್ ಮ್ಯಾಕ್ಸ್ ಕಾರ್ಟ್‌ಗಳು: ಚಿಕ್ಕವರಿಗೆ ಮೈಕ್ರೊ, ಆಮೇಲೆ ಜೂನಿಯರ್, ಸೀನಿಯರ್. 125 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಸೀಲ್ ಮಾಡಿ ಬಂದಿರುತ್ತದೆ, ಸುಮಾರು 50 ಗಂಟೆ ಓಡಿದ ಮೇಲೆ ಓವರ್‌ಹಾಲ್. 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಆಯಿಲ್. ಸೀಲ್ ಆದ ಎಂಜಿನ್‌ನಲ್ಲಿ ಹೊಸ ತಂದೆ-ತಾಯಿ ಮಾಡುವ ದೊಡ್ಡ ತಪ್ಪು ಕಾರ್ಬ್ಯುರೇಟರ್ ಜೆಟ್‌ನದು, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ತೂತಿನದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಅಲ್ಲಿ ಚೆನ್ನಾಗಿ ಓಡಿದ ಜೆಟ್ ಅನ್ನೇ ಚೆನ್ನೈಗೆ ಒಯ್ದರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಎಂಜಿನ್ ಕಾಯ್ದು ಪಿಸ್ಟನ್ ಜಾಮ್ ಆಗುತ್ತದೆ. ಕೆಳಗಿಳಿದಾಗ ಜೆಟ್ ದೊಡ್ಡದಾಗಬೇಕು, ಮೇಲೇರಿದಾಗ ಸಣ್ಣದು.

ಇನ್ನು ಚಾಸಿ, ಅಂದರೆ ಗಾಡಿಯ ಫ್ರೇಮ್. ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿಗಳು ಬೇರೆಬೇರೆಯಾಗಿ ತಿರುಗುತ್ತವೆ. ಅದಕ್ಕೇ ಗಾಡಿ ಹೊರಳುತ್ತದೆ. ಕಾರ್ಟ್‌ನಲ್ಲಿ ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿಯಾಗಿವೆ, ಗಾಲಿಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ, ಸಸ್ಪೆನ್ಷನ್ ಇಲ್ಲ. ತಿರುವಿನಲ್ಲಿ ಒಳಬದಿಯ ಹಿಂಗಾಲಿ ಕೂದಲೆಳೆಯಷ್ಟು ಮೇಲೇಳದಿದ್ದರೆ ಕಾರ್ಟ್ ನೇರವಾಗಿಯೇ ಹೋಗುತ್ತದೆ. ಮೂತಿ ತಿರುಗದಿದ್ದರೆ ಮುಂದಿನ ಗಾಲಿಗಳ ಅಗಲ ಹೆಚ್ಚಿಸಿ, ಕ್ಯಾಸ್ಟರ್ (ಮುಂಗಾಲಿ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸಿ, ಇಲ್ಲವೇ ಸೀಟು ಎತ್ತರಿಸಿ. ಗಾಲಿ ಅತಿಯಾಗಿ ಎದ್ದು ಕಾರ್ಟ್ ಕುಪ್ಪಳಿಸಿದರೆ ಇದರ ಉಲ್ಟಾ. ಒಮ್ಮೆಗೆ ಒಂದೇ ಬದಲಾವಣೆ. ಮೂರನ್ನು ಕೂಡಿಯೇ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಗುದ್ದಿಸಿಕೊಂಡ ಫ್ರೇಮ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ದೊಡ್ಡ ಸರ್ಫೇಸ್ ಪ್ಲೇಟ್ (ಏರುತಗ್ಗಿಲ್ಲದ ಸಪಾಟು ಹಾಸು) ಇರುವ ವರ್ಕ್‌ಶಾಪಿಗೆ ಒಯ್ದು ಸಂದಿ ಅಳೆಯುವ ಫೀಲರ್ ಗೇಜ್ ಹಾಕಿಸಿ. ಈ ಅನುಕೂಲ ಎಷ್ಟೋ ದೊಡ್ಡ ಊರಿನವರಿಗೂ ಇಲ್ಲ, ನಮ್ಮವರು ಬಳಸುವುದೂ ಇಲ್ಲ.

ಪಕ್ಕೆಲುಬಿನ ಗಾರ್ಡ್ ಇಲ್ಲದೆ ಮಗುವನ್ನು ಕೂರಿಸಬೇಡಿ. ಸೀಟಿನ ಅಂಚು ಪ್ರತಿ ತಿರುವಿನಲ್ಲೂ ಅಲ್ಲೇ ಒತ್ತುತ್ತದೆ.

15 ತುಂಬಿದರೆ ಎಫ್4. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಆಗಲೇ ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಭಾರತದ ಎಫ್4 ಸರಣಿಯಲ್ಲಿ ಫ್ರಾನ್ಸಿನ ಮಿಗಾಲ್ ಚಾಸಿ, 1.3 ಲೀಟರ್ ಟರ್ಬೊ ಎಂಜಿನ್. ಖರ್ಚು ಭಾರವಾದರೆ ನಡುವೆ ಇನ್ನೊಂದು ಮೆಟ್ಟಿಲಿದೆ: ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಓಡುವ ಎಲ್‌ಜಿಬಿ ಫಾರ್ಮುಲಾ 4, ಸ್ವಿಫ್ಟ್ ಕಾರಿನ 1.3 ಲೀಟರ್ ಎಂಜಿನ್‌ನದು. ಹೆಸರಲ್ಲಿ 4 ಇದೆ ಎಂದು ಮೋಸಹೋಗಬೇಡಿ, ಅದಕ್ಕೆ ಸೂಪರ್ ಲೈಸೆನ್ಸ್ ಪಾಯಿಂಟ್ ಇಲ್ಲ. ಕಲಿಯಲು ಮಾತ್ರ ಚಲೋ.

ಕಾರ್ಟ್‌ನಿಂದ ಬಂದ ಹುಡುಗ ಎಫ್4ರಲ್ಲಿ ಸಮಯ ಕಳೆದುಕೊಳ್ಳುವುದು ಬ್ರೇಕಿನಲ್ಲಿ. ಜೂನಿಯರ್ ಕಾರ್ಟ್‌ಗೆ ಹಿಂದೆ ಮಾತ್ರ ಬ್ರೇಕ್, ಹಿಂಬದಿ ಜಾರಿಸಿ ತಿರುಗಿಸುವ ಚಟ ಹತ್ತಿರುತ್ತದೆ. ಎಫ್4 ಕಾರಿಗೆ ರೆಕ್ಕೆಗಳಿವೆ. ವೇಗ ಹೆಚ್ಚಿದ್ದಾಗ ಗಾಳಿ ಕಾರನ್ನು ನೆಲಕ್ಕೆ ಒತ್ತಿಹಿಡಿದಿರುತ್ತದೆ. ಹೀಗಾಗಿ ಪೆಡಲ್ ಅನ್ನು ಮೊದಲ ಕ್ಷಣದಲ್ಲೇ ಪೂರ್ತಿ ಬಲದಿಂದ ತುಳಿಯಬೇಕು, ವೇಗ ಇಳಿದಂತೆ ಕಾಲು ಸಡಿಲಿಸುತ್ತ ಬರಬೇಕು. ಹೊಸಬರು ಮಾಡುವುದು ತದ್ವಿರುದ್ಧ: ಅಂಜುತ್ತ ತುಳಿದು, ತಿರುವಿನ ಹತ್ತಿರ ಬಂದಾಗ ಇನ್ನಷ್ಟು ಒತ್ತುತ್ತಾರೆ. ಅಷ್ಟರಲ್ಲಿ ಗಾಳಿಯ ಒತ್ತು ಹೋಗಿರುತ್ತದೆ, ಎಬಿಎಸ್ ಇಲ್ಲ, ಮುಂದಿನ ಗಾಲಿ ಲಾಕ್ ಆಗಿ ಟೈರ್ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ವಾರಾಂತ್ಯಕ್ಕೆ ಟೈರ್ ಎಣಿಸಿಯೇ ಕೊಟ್ಟಿರುತ್ತಾರೆ. ಕಾರು ದಾಖಲಿಸಿದ ಡೇಟಾ ಶೀಟ್‌ನಲ್ಲಿ ಬ್ರೇಕ್ ಒತ್ತಡದ ಗೆರೆ ನೋಡುವುದನ್ನು ಹುಡುಗ ತಾನೇ ಕಲಿಯಬೇಕು, ಅಪ್ಪ ಅಲ್ಲ.

ರೀಜನಲ್ ಕಾರು ಸುಮಾರು 270 ಅಶ್ವಶಕ್ತಿ, ಎಫ್3 380, ಎಫ್2 620. ಎಫ್3, ಎಫ್2ಗೆ ಪವರ್ ಸ್ಟೀರಿಂಗ್ ಇಲ್ಲ. ಕುತ್ತಿಗೆ, ಹೆಗಲು ನಮ್ಮ ಗರಡಿಮನೆಯ ಪೈಲ್ವಾನರ ಹಾಗೆ ಗಟ್ಟಿ ಬೇಕು. ಎಫ್2ನಲ್ಲಿ ಅಭ್ಯಾಸಕ್ಕೆ 45 ನಿಮಿಷ, ರೇಸ್ ಶುರುವಿನ ಸ್ಥಾನ ನಿರ್ಧರಿಸುವ ಕ್ವಾಲಿಫೈಯಿಂಗ್‌ಗೆ 30 ನಿಮಿಷ, ಅಷ್ಟೇ. ಹೊಸ ಟ್ರ್ಯಾಕ್ ಅನ್ನು ಅಲ್ಲಿಗೆ ಹೋಗಿ ಕಲಿಯುತ್ತೇನೆ ಅನ್ನುವವನಿಗೆ ವಾರಾಂತ್ಯ ಮುಗಿದಂತೆ.

ರೊಕ್ಕದ ಮಾತು. ಎಫ್3ಯ ಒಂದು ವರ್ಷಕ್ಕೆ 10 ಕೋಟಿ ರೂಪಾಯಿಯ ಮೇಲೆ, ಎಫ್2ಗೆ 20ರಿಂದ 30 ಕೋಟಿ ಎಂಬುದು ರೇಸ್ ತಂಡಗಳವರ ಸಾಮಾನ್ಯ ಲೆಕ್ಕ. ಹೊಲ ಮಾರಿ ತುಂಬುವ ಹಳ್ಳ ಇದಲ್ಲ. ಪ್ರಾಯೋಜಕರು ಅಥವಾ ಎಫ್‌ವನ್ ತಂಡದ ಅಕಾಡೆಮಿ ಇಲ್ಲದೆ ಹೋಗಲೇಬೇಡಿ. ಗೆದ್ದರೂ ಎಫ್‌ವನ್ ಸೀಟು ಸಿಗುತ್ತದೆ ಎಂದೇನಿಲ್ಲ. 2022ರ ಎಫ್2 ಚಾಂಪಿಯನ್ ಫೆಲಿಪೆ ಡ್ರುಗೊವಿಚ್‌ಗೆ ಸಿಕ್ಕಿದ್ದು ರಿಸರ್ವ್ (ಬದಲಿ ಚಾಲಕನ) ಕೆಲಸ. ಚಾಂಪಿಯನ್ ಆದವನು ಮತ್ತೆ ಎಫ್2 ಓಡಿಸುವಂತೆಯೂ ಇಲ್ಲ. "ಆ ಆಂಟೊನೆಲ್ಲಿ ಎಫ್3 ಬಿಟ್ಟು ಹಾರಿದನಲ್ಲ" ಎಂದು ಕೆಲವರು ವಾದಿಸುತ್ತಾರೆ. ಇಟಲಿಯ ಆ ಎಫ್‌ವನ್ ಚಾಲಕ ಹಾರಿದ, ನಿಜ. ಅದಕ್ಕೆ ಮೊದಲು 2022ರಲ್ಲಿ ಇಟಲಿ, ಜರ್ಮನಿ ಎರಡೂ ಕಡೆ ಎಫ್4 ಗೆದ್ದಿದ್ದ, 2023ರಲ್ಲಿ ಯುರೋಪಿನ ರೀಜನಲ್ ಗೆದ್ದಿದ್ದ, ಬೆನ್ನಿಗೆ ಮರ್ಸಿಡಿಸ್ ಇತ್ತು.

ಹಾಗಾದರೆ ಹನ್ನೆರಡರ ಹುಡುಗನಿಗೆ ಈಗ ಏನು? ಯಾವುದಾದರೂ ಟ್ರ್ಯಾಕ್‌ನಲ್ಲಿ ಕಾರ್ಟ್ ಬಾಡಿಗೆಗೆ ಹಿಡಿಯಿರಿ. ಟೈರ್ ಬಿಸಿಯಾಗಲು ಮೂರು ಲ್ಯಾಪ್ (ಸುತ್ತು) ಬಿಡಿ, ಆಮೇಲಿನ ಹತ್ತು ಲ್ಯಾಪ್ ಬರೆದುಕೊಳ್ಳಿ. ಅತಿ ವೇಗದ ಲ್ಯಾಪ್ ಯಾವುದೆಂದು ನೋಡಬೇಡಿ, ವೇಗದ್ದಕ್ಕೂ ನಿಧಾನದ್ದಕ್ಕೂ ನಡುವಿನ ಅಂತರ ನೋಡಿ. ಅದು ಒಂದು ಸೆಕೆಂಡಿಗಿಂತ ಹೆಚ್ಚಿದ್ದರೆ ಸ್ವಂತ ಕಾರ್ಟ್ ಕೊಳ್ಳುವುದು ಬೇಡ, ಮುಂದಿನ ತಿಂಗಳು ಮತ್ತೆ ಕರೆದುಕೊಂಡು ಹೋಗಿ. ಅರ್ಧ ಸೆಕೆಂಡಿನೊಳಗೆ ಬಂದ ದಿನ ಫೋನ್ ಮಾಡ್ರಿ.