ಎರಡೇ ಗಿಟಾರಿನಲ್ಲಿ ಇಷ್ಟು ತುಂಬಿದ ಸದ್ದು ಹೇಗೆ?

ಅಮೆರಿಕದ ಜಾನಪದ ಶೈಲಿಯ ಗಾಯಕಿ ಗಿಲಿಯನ್ ವೆಲ್ಚ್ ಅವರ ‘ಟೈಮ್ ದ ರೆವೆಲೇಟರ್’ ಆಲ್ಬಂ ಕೇಳಿದವರೆಲ್ಲ ಕೇಳುವುದು ಇದನ್ನೇ: ‘ಬೇಸ್ (ಮಂದ್ರ ಸ್ವರಗಳ ವಾದ್ಯ) ನುಡಿಸಿದ್ದು ಯಾರು? ಒಟ್ಟು ಎಷ್ಟು ಜನ ಇದ್ದಾರೆ?’

ಬೇಸ್ ಇಲ್ಲ, ಡ್ರಮ್ಸೂ ಇಲ್ಲ. ಇರುವುದು ವೆಲ್ಚ್ ಮತ್ತು ಅವರ ಜೊತೆಗಾರ, ಗಿಟಾರ್ ವಾದಕ ಡೇವಿಡ್ ರಾಲಿಂಗ್ಸ್, ಇಬ್ಬರೇ. 2001ರಲ್ಲಿ ಅವರದೇ ಅಕೋನಿ ಲೇಬಲ್‌ನಿಂದ ಬಂದ ಈ ಆಲ್ಬಂನಲ್ಲಿ ಹತ್ತು ಹಾಡುಗಳಿವೆ. ಒಂದು ಹಾಡು ಅಮೆರಿಕದ ನ್ಯಾಶ್‌ವಿಲ್ ನಗರದ ರೈಮನ್ ಸಭಾಂಗಣದ ಸಂಗೀತ ಕಛೇರಿಯಲ್ಲಿ ಧ್ವನಿಮುದ್ರಣವಾದದ್ದು. ಉಳಿದವು ಅದೇ ಊರಿನ ಆರ್‌ಸಿಎ ಸ್ಟುಡಿಯೋ ಬಿಯಲ್ಲಿ ಆದವು. ಎಲ್ವಿಸ್ ಪ್ರೆಸ್ಲಿ ಹಾಡಿದ್ದ ಕೋಣೆ ಅದು. ಈ ಆಲ್ಬಂನ ‘ಎಲ್ವಿಸ್ ಪ್ರೆಸ್ಲಿ ಬ್ಲೂಸ್’ ಹಾಡು ಕೂಡ ಅಲ್ಲೇ ಮುದ್ರಣವಾಯಿತು ಎನ್ನುವುದು ನನಗೆ ತುಂಬ ಇಷ್ಟದ ಸಂಗತಿ.

ಗುಟ್ಟು ಮೊದಲು ವಾದ್ಯಗಳಲ್ಲೇ ಇದೆ. ವೆಲ್ಚ್ ನುಡಿಸುವುದು 1956ರ ಗಿಬ್ಸನ್ ಜೆ-50. ದೊಡ್ಡ ಒಡಲು, ಚಪ್ಪಟೆ ಹಲಗೆ. ಮಂದ್ರ ಗಟ್ಟಿ, ನಾದ ದೀರ್ಘ. ರಾಲಿಂಗ್ಸ್ ಕೈಯಲ್ಲಿರುವುದು 1935ರ ಎಪಿಫೋನ್ ಒಲಿಂಪಿಕ್. ಆ ಕಾಲಕ್ಕೆ ಅದು ಅಗ್ಗದ ಮಾಡೆಲ್. ಒಡಲು ಸಣ್ಣದು, ಮೇಲಿನ ಹಲಗೆ ಪಿಟೀಲಿನಂತೆ ಉಬ್ಬಿರುತ್ತದೆ, ಪಿಟೀಲಿನಂತೆಯೇ ಎರಡು ಸೀಳುಗಳಿವೆ. ಮಂದ್ರ ಕಡಿಮೆ, ಮೀಟಿದ ಸ್ವರ ಚುರುಕಾಗಿ ಎದ್ದು ಬೇಗ ಅಡಗುತ್ತದೆ. ಹೀಗಾಗಿ ಒಂದರ ಜಾಗಕ್ಕೆ ಇನ್ನೊಂದು ನುಗ್ಗುವುದಿಲ್ಲ.

ಮೊದಲ ಹಾಡು ‘ರೆವೆಲೇಟರ್’ ಹಾಕಿ ಗಮನಿಸಿ. ವೆಲ್ಚ್ ಕಾರ್ಡ್ (ಒಟ್ಟಿಗೆ ಮಿಡಿಯುವ ಸ್ವರಗಳ ಗುಂಪು) ಹಿಡಿದು ತಾಳ ಕಟ್ಟುತ್ತಾರೆ. ರಾಲಿಂಗ್ಸ್ ತಾರ ಸ್ವರದ ತೆಳು ತಂತಿಗಳಲ್ಲಿ ಓಡಾಡುತ್ತ, ಕಾರ್ಡಿಗೆ ಹೊಂದದ ಸ್ವರವೊಂದನ್ನು ಬೇಕೆಂದೇ ಮೀಟಿ, ಅದೇ ಸ್ವರಕ್ಕೆ ಮತ್ತೆ ಮತ್ತೆ ಬಂದು, ಕಿವಿ ಇನ್ನೇನು ತಾಳಲಾರದು ಅನ್ನುವಾಗ ಬಿಡಿಸುತ್ತಾರೆ. ಎಳೆತ ಇರುವಷ್ಟು ಹೊತ್ತೂ ಖಾಲಿ ಜಾಗ ಖಾಲಿ ಅನ್ನಿಸುವುದಿಲ್ಲ. 14 ನಿಮಿಷ ದಾಟುವ ಕೊನೆಯ ಹಾಡು ಅಷ್ಟು ನಿಧಾನವಾಗಿದ್ದೂ ಕೇಳಿಸಿಕೊಳ್ಳುವುದು ಇದರಿಂದಲೇ.

ಮನೆಯಲ್ಲಿ ಇಬ್ಬರು ಸೇರಿ ಪ್ರಯತ್ನಿಸಿದಾಗ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಇಬ್ಬರೂ ಒಂದೇ ಕಾರ್ಡನ್ನು ಒಂದೇ ಜಾಗದಲ್ಲಿ ಹಿಡಿಯುತ್ತಾರೆ, ಸದ್ದು ಕಲಸಿಹೋಗುತ್ತದೆ. ಒಬ್ಬರು ತೆರೆದ ತಂತಿಗಳಿರುವ ಜಿ ಕಾರ್ಡ್ ಹಿಡಿದರೆ, ಇನ್ನೊಬ್ಬರು ಐದನೇ ಫ್ರೆಟ್‌ಗೆ (ಗಿಟಾರಿನ ಕತ್ತಿನ ಅಡ್ಡಪಟ್ಟಿ) ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್, ಹಾಕಿ ಡಿ ಕಾರ್ಡಿನ ಬೆರಳಾಕಾರ ಹಿಡಿಯಲಿ. ಎರಡೂ ಜಿ ಕಾರ್ಡೇ, ಆದರೆ ಎರಡನೆಯದು ಮೇಲಿನ ಸ್ವರಗಳಲ್ಲಿ ಕೂರುತ್ತದೆ. ಕ್ಯಾಪೋ ಹಾಕಿದ ಮೇಲೆ ಶ್ರುತಿ ಮತ್ತೊಮ್ಮೆ ನೋಡಿಕೊಳ್ಳಲೇಬೇಕು. ಒತ್ತಡಕ್ಕೆ ತಂತಿಯ ಶ್ರುತಿ ಸ್ವಲ್ಪ ಏರುತ್ತದೆ.

ರೆಕಾರ್ಡ್ ಮಾಡುವಾಗ ತೊಂದರೆ ಕೊಡುವುದು ಮೈಕಿನ ದೂರ. ಒಬ್ಬರ ಗಿಟಾರ್ ಇನ್ನೊಬ್ಬರ ಮೈಕಿಗೂ ಸೇರುತ್ತದೆ, ಆದರೆ ತಡವಾಗಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಷ್ಟು ದೂರದ ವ್ಯತ್ಯಾಸವಿದ್ದು ಎರಡೂ ಮೈಕ್‌ಗಳನ್ನು ಬೆರೆಸಿದರೆ 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ), 1500 ಹರ್ಟ್ಸ್ ಹೀಗೆ ಅಲ್ಲಲ್ಲಿ ಸದ್ದು ಕುಸಿದು, ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಇದನ್ನು ತಗ್ಗಿಸಲು, ಗಿಟಾರಿಗೂ ಅದರ ಮೈಕಿಗೂ 30 ಸೆಂಟಿಮೀಟರ್ ಇದ್ದರೆ ಎರಡು ಮೈಕ್‌ಗಳ ನಡುವೆ ಕನಿಷ್ಠ 90 ಇರಲಿ. ಫಿಗರ್-8 ಮೈಕ್ (ಹಿಂದೆ ಮುಂದೆ ಮಾತ್ರ ಚೆನ್ನಾಗಿ ಕೇಳುವ ಮೈಕ್) ಸಿಕ್ಕರೆ ಇನ್ನೂ ಒಳ್ಳೆಯದು: ಅದಕ್ಕೆ ಪಕ್ಕದ ಸದ್ದು ಕೇಳುವುದೇ ಕಡಿಮೆ, ಆ ಪಕ್ಕವನ್ನು ಹಾಡುವವರ ಬಾಯಿಯತ್ತ ತಿರುಗಿಸಿದರೆ ದನಿ ಗಿಟಾರಿನ ಮೈಕಿಗೆ ಅಷ್ಟಾಗಿ ಸೋರದು.

ಪೂರ್ತಿ ತಡೆಯಲಂತೂ ಆಗುವುದಿಲ್ಲ. ಅಂದಮೇಲೆ ಒಬ್ಬರ ತಪ್ಪನ್ನು ಮಾತ್ರ ಕತ್ತರಿಸಿ ತಿದ್ದಲೂ ಆಗದು, ಹಳೆಯ ಸ್ವರ ಪಕ್ಕದ ಮೈಕಿನಲ್ಲಿ ಉಳಿದಿರುತ್ತದೆ. ಇಬ್ಬರೂ ಸೇರಿ ಮತ್ತೆ ನುಡಿಸಬೇಕು.

ಆಲ್ಬಂ ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅದು ನಿಲುಕದು. ಯಾರೋ ಬೇಸ್ ನುಡಿಸುತ್ತಿದ್ದಾರೆ ಅನ್ನಿಸುವುದು ಆ ತಂತಿಯಿಂದ.